ಜೋಳದ ರೊಟ್ಟಿಗೆ ಯಾವ ಮಂತ್ರ?

ಯಾದಗಿರಿ ಸ್ಟೇಷನ್ ಹಿಂದಿನ ಓಣಿಯಲ್ಲಿ ಸೆಗುಲಾಬಾಯಿಯ ಕುಸುಬಿ ಎಣ್ಣೆ ಅಂಗಡಿ ಶನಿವಾರ ತೆರೆದದ್ದನ್ನು ಯಾರೂ ಕಂಡಿಲ್ಲ. ಊರಿಗೆಲ್ಲ ಒಂದೇ ಯಹೂದಿ ಮನೆ ಅದು. ಗಂಡ ರೈಲ್ವೆಯವನು, ತೀರಿಹೋದ. ಮನೆಮಾತು ಮರಾಠಿ, ಓಣಿಮಾತು ಕನ್ನಡ, ದೇವರ ಮಾತು ಹೀಬ್ರೂ. ಏಳುವಾಗ ಹೀಬ್ರೂ, ಕೈ ತೊಳೆಯುವಾಗ ಹೀಬ್ರೂ, ರೊಟ್ಟಿಗೊಂದು, ಹಣ್ಣಿಗೊಂದು ಮಂತ್ರ. ಆದರೆ ಆ ಭಾಷೆಯಲ್ಲಿ "ಉಪ್ಪು ಕೊಡು" ಎಂದು ಮುದುಕಿ ಜನ್ಮದಲ್ಲಿ ಕೇಳಿದವಳಲ್ಲ. ಅವಳ ಹಿರಿಯರೂ ಕೇಳಿರಲಿಲ್ಲ.

ಅಂಥವಳ ಮನೆಗೆ ಮೊಮ್ಮಗ ರೂಬೇನ ತನ್ನ ಇಸ್ರೇಲಿನ ಹೆಂಡತಿ ತೆಹಿಲಾಳನ್ನು ಶುಕ್ರವಾರ ತಂದು ಇಳಿಸಿದ. ಶಹಾಪುರಕ್ಕೆ ಹೋಗಿ ಬರುತ್ತೇನೆಂದವನ ಗಾಡಿ ಅಲ್ಲೇ ಕೆಟ್ಟು ನಿಂತಿತು. ಹೊತ್ತು ಮುಳುಗಿ ಸಬ್ಬತ್, ಯಹೂದಿಗಳ ವಾರದ ವಿಶ್ರಾಂತಿ ದಿನ, ಹಿಡಿಯಿತು. ಇನ್ನು ಶನಿವಾರ ಸಂಜೆತನಕ ಅವನು ಗಾಡಿ ಹತ್ತುವಂತಿಲ್ಲ, ಇವರು ಫೋನು ಮುಟ್ಟುವಂತಿಲ್ಲ.

ಹುಡುಗಿಗೆ ಹೀಬ್ರೂ ಬಜಾರಿನ ಮಾತು. ಅರಳು ಹುರಿದಂತೆ ಆಡಿದಳು. ಮುದುಕಿಗೆ ಒಂದೂ ಹತ್ತಲಿಲ್ಲ. ಅದಕ್ಕಿಂತ ಉರಿದದ್ದು ಬೇರೆ: ಧರ್ಮಕ್ಕೆ ಸಲ್ಲುವ ಅಡುಗೆಯೋ ಅಲ್ಲವೋ ಎಂಬ ಅನುಮಾನದಲ್ಲಿ ಹುಡುಗಿ ಕೈಚೀಲದ ಖರ್ಜೂರವನ್ನಷ್ಟೇ ತಿಂದು ಮಲಗಿದಳು.

ಬೆಳಿಗ್ಗೆ ಪಕ್ಕದ ಮನೆಯ ಶರೀಫಾಬೀ ಇಣುಕಿದಳು. "ಬಾಯಿಯವ್ರ, ಮೊಮ್ಮಗನ ಹೇಣ್ತಿ ಉಂಡಾಳೇನ್ರಿ?"

"ಎಲ್ಲಿ ಉಂಡಾಳವ್ವ! ಈಕಿ ನನ್ನ ಮನಿ ಊಟ ಮುಟ್ಟದಂಗ ಹ್ವಾದ್ರ, ನಾ ಯಹೂದಿ ಅಂತ ಹೇಳ್ಕೊಂಡು ಯಾಕ ಬಾಳಬೇಕು?"

ಸೆಗುಲಾಬಾಯಿ ಗುರುವಾರ ಬಡಿದು ಒಣಗಿಸಿಟ್ಟಿದ್ದ ಕಟಕ ಜೋಳದ ರೊಟ್ಟಿಯನ್ನು ಹುಡುಗಿಯ ಮುಂದೆ ಇಟ್ಟು, ಎದೆ ಸೆಟೆಸಿ, ರೊಟ್ಟಿಗೆ ಹೇಳುವ "ಹಮೋತ್ಸಿ" ಮಂತ್ರ ಶುರು ಮಾಡಿದಳು.

ತೆಹಿಲಾ ತಡೆದಳು. "ಲೋ, ಲೋ! ಶೆಹಕೋಲ್!"

"ಲೋ" ಎಂದರೆ ಅಲ್ಲ. ಅಷ್ಟು ಮುದುಕಿಗೆ ಗೊತ್ತು, ಪ್ರಾರ್ಥನೆಯಲ್ಲೇ ಇತ್ತು. ಹಮೋತ್ಸಿ ಗೋಧಿ, ಜವೆಗೋಧಿಯಂಥ ಕಾಳಿನ ರೊಟ್ಟಿಗೆ ಮಾತ್ರ. ಜೋಳಕ್ಕೆ ಶೆಹಕೋಲ್, ಅಂದರೆ ನೀರಿಗೂ ಹೇಳುವ ಮಂತ್ರ. ಇದು ಹುಡುಗಿಯ ವಾದ. ನೀರೂ ಜೋಳದ ರೊಟ್ಟಿಯೂ ಒಂದೇ? ಮುದುಕಿಗೆ ನೆತ್ತಿಗೇರಿತು. ಹಮೋತ್ಸಿಯೊಳಗಿನ ಮಾತನ್ನೇ ಕಿತ್ತು "ಲೆಹೆಮ್!" ಎಂದು ರೊಟ್ಟಿ ತೋರಿಸಿದಳು. "ಮಿನ್ ಹಾಆರೆಟ್ಸ್!" ಎಂದು ನೆಲ ಬಡಿದಳು: ರೊಟ್ಟಿಯೇ ಇದು, ಈ ಮಣ್ಣಿನದು! ಹುಡುಗಿ ಈ ಸಲ ನಿಧಾನಕ್ಕೆ, ಬಿಡಿಸಿ ಬಿಡಿಸಿ ಉತ್ತರಿಸಿದಳು. ಈಗ ಮುದುಕಿಗೆ ಹತ್ತಿತು. ಬಹಳಷ್ಟು ಮಂತ್ರದಲ್ಲಿದ್ದ ಮಾತುಗಳೇ.

"ಯಾ ಅಲ್ಲಾ, ದೇವರ ಭಾಷಾದಾಗ ಜಗಳಾನೂ ಆಡಾಕ ಬರ್ತದೇನ್ರಿ?" ಎಂದಳು ಶರೀಫಾಬೀ.

"ಬರ್ತದ. ನೀ ಸುಮ್ನಿರು, ನಾ ಗೆಲ್ಲಾಕತ್ತೀನಿ."

ಸೋಲೊಪ್ಪದ ತೆಹಿಲಾ ರೊಟ್ಟಿ ಮುರಿದು ಶೆಹಕೋಲ್ ಮಂತ್ರವನ್ನು ಪೂರಾ ಹೇಳಿಯೇ ತೋರಿಸಿದಳು. ಹೇಳಿದ ಮೇಲೆ ತಿನ್ನದಿದ್ದರೆ ದೇವರ ಹೆಸರು ವ್ಯರ್ಥ. ಮುದುಕಿ ಕೈಕಟ್ಟಿ ಕಾದಳು. ಹುಡುಗಿಗೂ ಅದು ಹೊಳೆಯಿತು. ಮಂತ್ರಕ್ಕೆ ಇಷ್ಟು ಕಟ್ಟಾಗಿ ಜಗಳಾಡುವವಳ ಒಲೆಯ ಮೇಲೆ ಅನುಮಾನ ಪಡುವುದು ಹೇಗೆ? ನಗುತ್ತ ಕಟಂ ಎಂದು ಕಚ್ಚಿದಳು.

ಸೆಗುಲಾಬಾಯಿ ತನ್ನ ತುಂಡಿಗೆ ಹಮೋತ್ಸಿಯನ್ನೇ ಹೇಳಿ, ಶೇಂಗಾ ಚಟ್ನಿಯನ್ನು ಅವಳತ್ತ ಸರಿಸಿದಳು.