ಗ್ರೈಂಡರ್ ಸದ್ದಿಗೆ ಸುಮ್ಮನಾದ ಮಗಳು

ಹೆರಿಗೆಗೆಂದು ನಾನು ಬಿಜೂರಿನ ತವರುಮನೆಗೆ ಬಂದಿದ್ದೆ. ಮಗಳು ಹುಟ್ಟಿದ ಮೊದಲ ಕೆಲವು ದಿನ ಹಾಲು ಕುಡಿಯುವುದು, ಮಲಗುವುದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಇಷ್ಟು ಪಾಪದ, ಸಾಧು ಮಗು ಯಾರಿಗೂ ಸಿಗಲಿಕ್ಕಿಲ್ಲ ಎಂದು ನಾನೂ ಅಮ್ಮನೂ ಬೀಗುತ್ತಿದ್ದೆವು. ಆಮೇಲೆ ಒಂದು ಸಂಜೆ, ಅಮ್ಮ ದೇವರಿಗೆ ದೀಪ ಹಚ್ಚುವ ಹೊತ್ತಿಗೆ, ಅವಳು ಅಳಲು ಶುರು ಮಾಡಿದಳು. ಮುಷ್ಟಿ ಬಿಗಿದು, ಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡು, ಮುಖ ಕೆಂಪಗಾಗುವಂತೆ ಅತ್ತಳು. ಹಾಲು ಕೊಟ್ಟರೆ ಬಾಯಿ ತಿರುಗಿಸಿದಳು. ನಮ್ಮೆಲ್ಲರ ಜೀವ ಬಾಯಿಗೆ ಬಂದ ಮೇಲೆ, ಏನೂ ಆಗಿಯೇ ಇಲ್ಲವೆಂಬಂತೆ ನಿದ್ದೆ ಹೋದಳು. ಮರುದಿನ ಅದೇ ಹೊತ್ತಿಗೆ ಅದೇ ಅಳು.

ಅಮ್ಮ ದೃಷ್ಟಿ ತೆಗೆದಳು. ಪಕ್ಕದ ಮನೆಯ ಚಿಕ್ಕಮ್ಮ ನಾನು ಏನೇನು ತಿಂದೆನೆಂದು ವಿಚಾರಿಸಿ ಬದನೆಕಾಯಿಯ ಮೇಲೆ ಗುಮಾನಿಪಟ್ಟರು. ನಾನು ಬದನೆ ಬಿಟ್ಟೆ, ಬೇಳೆ ಬಿಟ್ಟೆ, ಮೀನೂ ಬಿಟ್ಟೆ. ಮೀನಿನ ಟೆಂಪೊ ಓಡಿಸುವವನ ಹೆಂಡತಿ ಮೀನು ಬಿಡುವುದೆಂದರೆ ಸಣ್ಣ ಮಾತಲ್ಲ. ಆದರೂ ಅಳು ನಿಲ್ಲಲಿಲ್ಲ. ನನ್ನ ಹಾಲೇ ಸರಿಯಿಲ್ಲವೇನೋ ಎಂಬ ಯೋಚನೆ ಹೊಕ್ಕ ದಿನ, ಗಂಡ ಟೆಂಪೊವನ್ನು ಬೇರೆಯವರಿಗೆ ಕೊಟ್ಟು ನಮ್ಮನ್ನು ಕುಂದಾಪುರದ ಮಕ್ಕಳ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು.

ಡಾಕ್ಟರಮ್ಮ ಮಗುವಿನ ತೂಕ ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು, ಕಿವಿ ಗಂಟಲು ಎಲ್ಲ ಪರೀಕ್ಷಿಸಿದರು. ಅಷ್ಟು ಹೊತ್ತೂ ಮಗಳು ಅವರ ಕನ್ನಡಕವನ್ನೇ ನೋಡುತ್ತಾ ತಣ್ಣಗಿದ್ದಳು. ತೂಕ ಚೆನ್ನಾಗಿ ಏರುತ್ತಿದೆ, ಇದು ಕಾಲಿಕ್ ಎಂದರು ಅವರು. ಎಷ್ಟೋ ಎಳೆಮಕ್ಕಳು ಹೀಗೆ ಸಂಜೆ ಹೊತ್ತು ಅಳುತ್ತವಂತೆ, ಕಾರಣ ಇದೇ ಎಂದು ಯಾರಿಗೂ ಖಚಿತವಾಗಿ ಗೊತ್ತಿಲ್ಲವಂತೆ, ಮೂರು ನಾಲ್ಕು ತಿಂಗಳಾಗುವಾಗ ತಾನಾಗಿ ನಿಲ್ಲುತ್ತದಂತೆ. ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ ಕಂಡರೆ, ಇಲ್ಲವೇ ಮಗು ಹಾಲು ಕುಡಿಯದೆ ಮಂಕಾದರೆ ಮಾತ್ರ ತಡಮಾಡದೆ ಬರಬೇಕು. ಓಮದ ನೀರು, ಗ್ರೈಪ್ ವಾಟರ್ ಯಾವುದೂ ಬೇಡ. ಹಾಲು ಕುಡಿಸಿ ಹೆಗಲಿಗೆ ಹಾಕಿ ತೇಗು ಬರಿಸಬೇಕು, ಎತ್ತಿಕೊಂಡು ತಿರುಗಾಡಬೇಕು, ಒಂದೇ ಲಯದ ಮೆಲುಸದ್ದು ಕೇಳಿಸಬೇಕು. ನಮಗೇ ತಾಳ್ಮೆ ತಪ್ಪಿದರೆ ಮಗುವನ್ನು ಇನ್ನೊಬ್ಬರ ಕೈಗೆ ಕೊಟ್ಟು, ಯಾರೂ ಇಲ್ಲದಿದ್ದರೆ ಜೋಪಾನವಾಗಿ ಮಲಗಿಸಿ, ಸ್ವಲ್ಪ ಹೊರಗೆ ಬರಬೇಕು. ಯಾವ ಕಾರಣಕ್ಕೂ ಮಗುವನ್ನು ಜೋರಾಗಿ ಕುಲುಕಬಾರದು.

ಕಡೆಗೆ ನನ್ನ ಮುಖ ನೋಡಿ ಹೇಳಿದರು: "ನಿಮ್ಮ ಹಾಲಿಗೆ ಎಂತದೂ ಆಯ್ಲಿಲ್ಲ. ಮೀನ್ ತಿನ್ನಿ, ಹೊಟ್ಟೆ ತುಂಬ ಉಣ್ಣಿ."

ವಾಪಸು ಬರುವಾಗ ದಾರಿಯಲ್ಲೇ ಬಂಗುಡೆ ಕೊಂಡೆವು.

ಆ ಸಂಜೆ ನಾನು ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಚಾವಡಿಯಲ್ಲಿ ತಿರುಗುತ್ತಿದ್ದೆ. ಅಡುಗೆಮನೆಯಲ್ಲಿ ಅಮ್ಮ ನೀರ್ದೋಸೆಗೆಂದು ಗ್ರೈಂಡರ್‌ಗೆ ಅಕ್ಕಿ ಹಾಕಿ ಸ್ವಿಚ್ ಒತ್ತಿದಳು. ಮಗಳು ಅರ್ಧಕ್ಕೆ ಅಳು ನಿಲ್ಲಿಸಿದಳು. ಕಣ್ಣರಳಿಸಿ ಸದ್ದು ಬಂದ ಕಡೆಗೆ ಕಿವಿಗೊಟ್ಟವಳಂತೆ ಇದ್ದು, ಹಾಗೇ ನನ್ನ ಹೆಗಲಿಗೆ ತಲೆಯಾನಿಸಿದಳು. ಹಿಟ್ಟು ನುಣ್ಣಗಾಯಿತೆಂದು ಅಮ್ಮ ಸ್ವಿಚ್ ಆರಿಸಿದ್ದೇ ತಡ, ಮತ್ತೆ ಅಳು.

"ಅಮ್ಮ, ಇನ್ನೊಂಚೂರ್ ತಿರ್ಗ್ಸು," ಎಂದೆ.

ಅಂದಿನಿಂದ ನಮ್ಮ ಮನೆಯಲ್ಲಿ ದಿನಾ ಸಂಜೆ ಅಕ್ಕಿ ಕಡೆಯುವುದು ಶುರುವಾಯಿತು. ಬೆಳಿಗ್ಗೆ ದೋಸೆ, ರಾತ್ರಿ ದೋಸೆ, ನಡುವೆ ಕಡುಬು. ತಿಂದು ಸಾಕಾಗಿ ಅಮ್ಮ ಪಕ್ಕದ ಮನೆಗಳಿಗೆ ಹಿಟ್ಟು ಹಂಚಿದಳು. ಕಾರಣ ತಿಳಿದ ಮೇಲೆ ಚಿಕ್ಕಮ್ಮ ತಮ್ಮ ಮನೆಯ ಅಕ್ಕಿಯನ್ನೇ ನೆನೆಸಿ ತಂದರು. ಅವರ ಹಿಂದೆ ಇನ್ನೂ ಇಬ್ಬರು ಬಂದರು. ಸಂಜೆಯೆಂದರೆ ಹೆದರುತ್ತಿದ್ದ ನಾನು ಈಗ ಅವರ ಮಾತು ಕೇಳಲು ಕಾಯತೊಡಗಿದೆ. ಗ್ರೈಂಡರ್ ಒಳಗೆ ತಿರುಗುತ್ತಿತ್ತು, ಹೊರಗೆ ಮಗಳು ಒಬ್ಬರ ತೋಳಿಂದ ಇನ್ನೊಬ್ಬರ ತೋಳಿಗೆ ಹೋಗುತ್ತಿದ್ದಳು. ನಾನು ಬಿಡುವಾಗಿ ಕೂತು ಬಿಸಿ ಚಾ ಕುಡಿಯುತ್ತಿದ್ದೆ. ಹಾಗೆಂದು ಗ್ರೈಂಡರ್ ಎಲ್ಲ ದಿನವೂ ಕೆಲಸ ಮಾಡಲಿಲ್ಲ. ಕೆಲವು ಸಂಜೆ ಅವಳು ಅದಕ್ಕಿಂತ ಜೋರಾಗಿ ಅಳುತ್ತಿದ್ದಳು. ಆಗ ಎತ್ತಿಕೊಳ್ಳಲು ಕೈಗಳು ಬೇಕಾದಷ್ಟಿದ್ದವು, ಅಷ್ಟೇ.

ಒಮ್ಮೆ ಅವಳ ಅಳು ಏರುತ್ತಿರುವಾಗಲೇ ಕರೆಂಟು ಹೋಯಿತು. ಎಲ್ಲರೂ ಮುಖ ಮುಖ ನೋಡಿಕೊಂಡೆವು. ಆಗಷ್ಟೇ ಗಂಗೊಳ್ಳಿ ಬಂದರಿನಿಂದ ಬಂದು ಸ್ನಾನ ಮುಗಿಸಿದ್ದ ಗಂಡ ಮಗಳನ್ನು ಎತ್ತಿಕೊಂಡು, ತುಟಿ ಮುಂದೆ ಮಾಡಿ, "ಘುರ್ರ್..." ಎಂದು ಗ್ರೈಂಡರ್‌ನಂತೆ ಸದ್ದು ಮಾಡತೊಡಗಿದರು. ಅವರ ಉಸಿರು ಮುಗಿದಲ್ಲಿ ಚಿಕ್ಕಮ್ಮ ಹಿಡಿದರು, ಚಿಕ್ಕಮ್ಮನಿಗೆ ನಗು ಬಂದಲ್ಲಿ ಅಮ್ಮ. ಮಗಳು ಅಳು ಮರೆತು ಅಪ್ಪನ ತುಟಿಯನ್ನೇ ನೋಡುತ್ತಿದ್ದಳು. ಅಂಗಳದಾಚೆ ಹೋಗುತ್ತಿದ್ದವರೊಬ್ಬರು ನಿಂತು ಕೇಳಿದರು:

"ಹ್ವಾಯ್, ಕರೆಂಟ್ ಇಲ್ಲ, ನಿಮ್ಮನಿ ಗ್ರೈಂಡರ್ ಹ್ಯಾಂಗ್ ತಿರ್ಗತ್ತ್?"

ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಾಣಂತಿ ಅಷ್ಟು ನಗಬಾರದೆಂದು ಅಮ್ಮ ಗದರಿದಳು, ಗದರುತ್ತಾ ತಾನೂ ನಕ್ಕಳು.

ಡಾಕ್ಟರಮ್ಮ ಹೇಳಿದಂತೆಯೇ ಅಳು ದಿನದಿಂದ ದಿನಕ್ಕೆ ಇಳಿಯಿತು. ಯಾವ ದಿನ ಪೂರ್ತಿ ನಿಂತಿತೆಂದು ನಮಗೆ ಗೊತ್ತೇ ಆಗಲಿಲ್ಲ. ಒಂದು ಸಂಜೆ ನಾವು ಜಗಲಿಯಲ್ಲಿ ಕೂತಿದ್ದೆವು. ಮಗಳು ಚಾಪೆಯ ಮೇಲೆ ಮಲಗಿ ತೆಂಗಿನ ಗರಿ ಅಲ್ಲಾಡುವುದನ್ನು ನೋಡುತ್ತಿದ್ದಳು. ರಸ್ತೆಯಿಂದಲೇ ಅಳು ಕೇಳಿ ಅಭ್ಯಾಸವಾಗಿದ್ದ ಗಂಡ, ಏನೂ ಕೇಳಿಸದೆ ಗಾಬರಿಯಾಗಿ, ಒಂದು ಕಾಲಿನ ಚಪ್ಪಲಿ ದಾರಿಯಲ್ಲೇ ಬಿಟ್ಟು ಓಡಿ ಬಂದರು.

"ಎಂತ ಆಯ್ತ್ ಮಗೂಗೆ?"

ಮಗಳು ಅವರ ದನಿ ಕೇಳಿ ತಲೆ ಹೊರಳಿಸಿದಳು. ಬೊಚ್ಚು ಬಾಯಿ ತೆರೆದು ಮೊದಲ ಸಲ ಸದ್ದು ಮಾಡಿ ನಕ್ಕಳು.