ಹೋಲಿಕೆ ಸಾಹೇಬರು

ಅಂತರ್ಜಾಲಕ್ಕೆ ಕಾನೂನಿನ ಕರಡು ಬರೆಯುವ ಸಾಹೇಬರು ಸೋಮವಾರ ಅದನ್ನು ಹೆದ್ದಾರಿ ಎನ್ನುತ್ತಿದ್ದರು, ಮಂಗಳವಾರ ಸಮುದ್ರ ಎನ್ನುತ್ತಿದ್ದರು, ಬುಧವಾರ ಎರಡನ್ನೂ ಹೊಡೆದುಹಾಕಿ ಸಂತೆ ಎಂದು ಬರೆಸುತ್ತಿದ್ದರು. "ಅದು ಏನು ಅಂತಾನೇ ತಿಳೀದೆ ಕಾವಲು ಹೇಗಮ್ಮಾ ಹಾಕೋದು?" ಎಂದು ಊಟದ ಡಬ್ಬಿಯ ಮುಚ್ಚಳದ ಮೇಲೂ ಗೆರೆ ಎಳೆದು ತೋರಿಸುವರು. ತಿದ್ದಿ ತಿದ್ದಿ ಬೆರಳು ಸವೆಸಿಕೊಂಡ ಟೈಪಿಸ್ಟಮ್ಮ ಒಳಗೊಳಗೇ ನಗುತ್ತಿದ್ದರು. ಆದರೆ ಯಾರೋ ಟೈಪಿಸ್ಟಮ್ಮನ ಮಗಳ ಫೋಟೋ ತಿರುಚಿ ಊರೆಲ್ಲ ಹರಡಿದ ದಿನ, "ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಎಂದು ಕಚೇರಿಯ ಉಳಿದವರೆಲ್ಲ ಜಾರಿಕೊಂಡಾಗ, ಸಾಹೇಬರು ಒಂದು ಹೋಲಿಕೆಯನ್ನೂ ಹೇಳಲಿಲ್ಲ. "ಮಗು ಊಟ ಮಾಡ್ತಾಮ್ಮಾ?" ಎಂದಷ್ಟೇ ಕೇಳಿ, ಫೋನು ಹಿಡಿದು ಕೂತು, ಸಂಜೆಯೊಳಗೆ ಸಿಕ್ಕ ಸಿಕ್ಕ ಕಡೆಯಿಂದೆಲ್ಲ ಅದನ್ನು ತೆಗೆಸಿದರು. ಮರುದಿನ ಕರಡಿನ ಮೊದಲ ಸಾಲು ಬದಲಾಗಿತ್ತು: "ಅಂತರ್ಜಾಲವೆಂದರೆ ಮನುಷ್ಯರು ಇರುವ ಜಾಗ." ಟೈಪಿಸ್ಟಮ್ಮ ಅದನ್ನು ಟೈಪು ಮಾಡಿ, ಎದ್ದು ನಿಂತು ಕೈಮುಗಿದರು. "ಯಾಕಮ್ಮಾ, ಇದೂ ತಪ್ಪಾಯ್ತಾ?" ಎಂದು ಸಾಹೇಬರು ಗಾಬರಿಯಾದರು.