ಎಲ್ಲಕ್ಕೂ ಅಂಟುವ ಪ್ರತಿಕಾಯ

ನಮ್ಮ ಮನೆಯಲ್ಲೇ ಇರುವ ನನ್ನ ಹೆಂಡತಿಯ ತಂಗಿ ಮರೆತುಹೋಗಿದ್ದ ಕನ್ನಡಕ ಕೊಡಲೆಂದು ಅವಳ ಪ್ರಯೋಗಾಲಯಕ್ಕೆ ಹೋದೆ. ಬಿಳಿ ಕೋಟು, ಜುಟ್ಟು, ಬಾಗಿಲಿಗೆ ಬೆನ್ನು. ಅವಳೇ ಎಂದುಕೊಂಡು ಜುಟ್ಟನ್ನು ಸಣ್ಣಗೆ ಎಳೆದು, "ಕಣ್ಣು ಮನೇಲಿಟ್ಟು ಇಲ್ಲಿ ಏನೇ ನೋಡ್ತಿದೀಯ?" ಎಂದೆ. ತಲೆ ತಿರುಗಿತು. ಅದಕ್ಕೆ ಗಡ್ಡವಿತ್ತು. ಅವಳ ಮೇಲಧಿಕಾರಿಯ ಗಡ್ಡ.

ಪಕ್ಕದ ಕೋಣೆಯಿಂದ ಬಂದ ನಾದಿನಿ ನಗಲೂ ಇಲ್ಲ. ನನ್ನನ್ನು ಹೊರಗೆ ಕರೆದೊಯ್ದು ಪಿಸುಗುಟ್ಟಿದಳು: "ನನ್ನ ಪ್ರತಿಕಾಯಕ್ಕೂ ಇದೇ ಕಾಯಿಲೆ ಭಾವ. ಜುಟ್ಟು ಕಂಡ್ರೆ ಸಾಕು, ಹಿಡ್ಕೊಂಡ್ಬಿಡುತ್ತೆ."

ನರಕೋಶಗಳ ಮೇಲೆ ಪುಟ್ಟ ಬಾಗಿಲುಗಳಿರುತ್ತವಂತೆ. ಮೈಯೊಳಗೇ ತಯಾರಾಗುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ತಟ್ಟಿದರೆ ತೆರೆಯಬೇಕಾದವು, ಸಿಗರೇಟಿನ ನಿಕೋಟಿನ್ ತಟ್ಟಿದರೂ ತೆರೆದುಕೊಳ್ಳುವ ಭೋಳೇ ಬಾಗಿಲುಗಳು. ಒಂದೊಂದಕ್ಕೂ ಐದು ತುಂಡು. ತುಂಡುಗಳಲ್ಲಿ ಹಲವು ಬಗೆ, ಅದರಲ್ಲಿ ಆಲ್ಫಾ ಸೆವೆನ್ ಎಂಬ ತುಂಡು ಇಲಿಯ ಮಿದುಳಲ್ಲಿ ಎಲ್ಲೆಲ್ಲಿದೆ ಎಂದು ಹುಡುಕುವುದು ನಾದಿನಿಯ ಕೆಲಸ. ಪ್ರತಿಕಾಯ, ಅಂದರೆ ಆಂಟಿಬಾಡಿ, ಅವಳ ಪತ್ತೇದಾರ. ಆ ತುಂಡನ್ನು ಮಾತ್ರ ಗುರುತಿಸಿ, ಅಂಟಿಕೊಂಡು, ಹಸಿರಾಗಿ ಹೊಳೆಯಬೇಕು.

ನಾದಿನಿಯೋ ಹುಟ್ಟಾ ಅನುಮಾನದವಳು. ತಕ್ಕಡಿ ಖಾಲಿ ಇದ್ದಾಗ ಎಷ್ಟು ತೋರಿಸುತ್ತದೆಂದು ನೋಡದೆ ಬದನೆಕಾಯಿ ಮುಟ್ಟಿದವಳಲ್ಲ. ಹಾಗಾಗಿ ಆಲ್ಫಾ ಸೆವೆನ್ ಇಲ್ಲದೆಯೇ ಹುಟ್ಟುವ ತಳಿಯ ಇಲಿಯ ಮಿದುಳಿನ ಮೇಲೂ ಪ್ರತಿಕಾಯ ಬಿಟ್ಟು ನೋಡಿದ್ದಳು. ಅಲ್ಲೂ ಹಸಿರು! ಮೂಗೇ ಇಲ್ಲದವಳಿಗೆ ಮೂಗುತಿ ತೊಡಿಸಿದ ಹಾಗೆ. ಅಂದಮೇಲೆ ಉಳಿದ ಇಲಿಗಳ ಹಸಿರನ್ನೂ ನಂಬುವಂತಿಲ್ಲ.

ಮರುದಿನ ಗಡ್ಡದವರ ಮುಂದೆ ತನ್ನ ಚಿತ್ರಗಳನ್ನೆಲ್ಲ ಇಡಬೇಕಿತ್ತು. ಈ ಇಲಿಯನ್ನೂ ಇಟ್ಟರೆ ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅಂದು ಸಂಜೆ ಮನೆಯಲ್ಲಿ ನನ್ನವಳು, ಯಾರೂ ಕೇಳದ ಇಲಿಯ ಸುದ್ದಿ ನೀನ್ಯಾಕೆ ಎತ್ತುತ್ತೀಯ ಎಂದು ತಂಗಿಗೆ ಬುದ್ಧಿ ಹೇಳಿದಳು. ವಾಡಿಕೆಯಂತೆ ನಾನು ಹೂಂಗುಟ್ಟಿದೆ.

ನಾದಿನಿ ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿ, ಆಲ್ಫಾ ಸೆವೆನ್ ಯಾವುದರಲ್ಲಿದೆ ಹೇಳಿ ಎಂದಳು. ಮೊದಲ ಚಿತ್ರದಲ್ಲಿ ಇದೆ ಎಂದೆ. ಎರಡನೆಯದರಲ್ಲಿ ಇನ್ನೂ ಚೆನ್ನಾಗಿದೆ ಎಂದೆ. ಅದು ಆಲ್ಫಾ ಸೆವೆನ್ ಇಲ್ಲದ ಆ ಖಾಲಿ ಇಲಿ. ಮೂರನೆಯದು ಬರೀ ಕಪ್ಪು. ಸೋಲಬಾರದೆಂದು ಕಣ್ಣು ಕಿರಿದು ಮಾಡಿ, ಮಧ್ಯದಲ್ಲಿ ದುಂಡಗೆ ಏನೋ ಹೊಳೆಯುತ್ತಿದೆಯಲ್ಲ ಎಂದೆ. ಬ್ಯಾಟರಿ ಮುಗಿದು ಪರದೆ ಆರಿಹೋಗಿತ್ತು. ಹೊಳೆಯುತ್ತಿದ್ದದ್ದು ನನ್ನ ಬೋಳುತಲೆ.

"ನೋಡಕ್ಕ," ಎಂದಳು ನಾದಿನಿ, "ಎಲ್ಲದಕ್ಕೂ ಇದೆ ಇದೆ ಅನ್ನೋರನ್ನ ನಂಬ್ಕೊಂಡು ನಾಳೆ ನಾನು ಹೇಗೆ ನಿಲ್ಲಲಿ?" ನನ್ನವಳು ನನ್ನನ್ನೊಮ್ಮೆ ನೋಡಿ, ನಿಟ್ಟುಸಿರು ಬಿಟ್ಟು, ತೋರಿಸಿಬಿಡು ಎಂದಳು.

ತೋರಿಸಿದಳು. ಗಡ್ಡದವರು ಬಹಳ ಹೊತ್ತು ಗಡ್ಡ ನೀವಿಕೊಂಡು, ಬೇರೆ ಪ್ರತಿಕಾಯ ತರಿಸೋಣ, ಈ ಸಲ ಖಾಲಿ ಇಲಿಯಿಂದಲೇ ಶುರುಮಾಡು ಎಂದರಂತೆ. ವರ್ಷದ ದುಡಿಮೆ ಹೋಯಿತು. ಮನೆಗೆ ಬಂದವಳ ಕಣ್ಣು ಕೊಂಚ ಕೆಂಪಗಿತ್ತು. ಊಟ ಮಾತ್ರ ಎರಡೆರಡು ಸಲ ಬಡಿಸಿಕೊಂಡಳು.

ಸಮಾಧಾನ ಹೇಳೋಣವೆಂದು, ಆ ಹಾಳು ಪ್ರತಿಕಾಯವನ್ನು ಬಿಸಾಡಿದೆಯಾ ಎಂದು ಕೇಳಿದೆ.

"ಇಲ್ಲ ಭಾವ," ಎಂದಳು, ತಟ್ಟೆಯಿಂದ ತಲೆ ಎತ್ತದೆ. "ಅಕ್ಕ ನಿಮ್ಮನ್ನ ಬಿಸಾಡಿದ್ದಾಳಾ?"